ಹೋದ ವರ್ಷದ ಟಿವಿ, ಈ ವರ್ಷದ ಗಿರಾಕಿ

ಹೊಸ ಮಾಡೆಲ್ ಬರುವ ಸಮಯ ಹತ್ತಿರವಾಯಿತೆಂದರೆ ನಮ್ಮ ಅಂಗಡಿಯಲ್ಲಿ ನಗುವಂಥದ್ದು ಏನಾದರೂ ನಡೆಯದೆ ವಾರ ಮುಗಿಯುವುದಿಲ್ಲ. ನಾನು ಇರುವುದು ಶಿಕಾರಿಪುರದಲ್ಲಿ, ಕೆಲಸ ಶಿರಾಳಕೊಪ್ಪದ ಒಂದು ಟಿವಿ ಅಂಗಡಿಯಲ್ಲಿ. ಬೆಳಿಗ್ಗೆ ಬಸ್ಸಿಳಿದು ಬಂದು, ಟಿವಿಗಳ ಧೂಳು ಒರೆಸಿ, ಒಂದೊಂದಾಗಿ ಆನ್ ಮಾಡಿ ನಿಂತರೆ ನನ್ನ ದಿನ ಶುರು. ಹಳೇ ಸ್ಟಾಕ್ ಖಾಲಿಯಾಗಲಿ ಎಂದು ಕಂಪನಿಯವರು ಹೋದ ವರ್ಷದ ಟಿವಿಗೆ ರಿಯಾಯಿತಿ ಕೊಡುತ್ತಾರೆ. ಅದೇ ಹೊತ್ತಿಗೆ, ಹೊಸದು ಬರುತ್ತಿದೆ ಎಂದು ಜಾಹೀರಾತೂ ಹಾಕುತ್ತಾರೆ. ಇವೆರಡರ ಮಧ್ಯೆ ಸಿಕ್ಕಿಕೊಂಡ ಗಿರಾಕಿ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದು ಕೇಳುವ ಪ್ರಶ್ನೆ ಒಂದೇ: "ಮೇಡಂ, ಈಗ ತಗೊಳ್ಳೋದಾ, ಕಾಯೋದಾ?"

ಉತ್ತರ ಹೇಳುವುದೇ ನನ್ನ ಕೆಲಸ. ಆದರೆ ಬಂದವರು ನನಗೆ ಹೇಳಿಹೋದ ಉತ್ತರಗಳೇ ಜಾಸ್ತಿ.

ಹಳೇ ಅಕ್ಕಿ

ಅಂಜನಾಪುರದ ಕಡೆಯ ರೈತರೊಬ್ಬರು ಸಂತೆಗೆ ಬಂದವರು ಹಾಗೇ ಅಂಗಡಿಗೂ ಬಂದರು. ಕೈಯಲ್ಲಿ ಖಾಲಿ ಚೀಲ. ಎಲ್ಲ ಟಿವಿಗಳ ಮುಂದೆಯೂ ಒಮ್ಮೆ ನಿಂತು, ರಿಯಾಯಿತಿ ಚೀಟಿ ಅಂಟಿಸಿದ್ದರ ಹತ್ತಿರ ಬಂದು ಕೇಳಿದರು.

"ಇದಕ್ಯಾಕೆ ರೇಟು ಕಡಿಮೆ?"

"ಅದು ಹೋದ ವರ್ಷದ್ದು ಯಜಮಾನ್ರೇ."

"ಹೋದ ವರ್ಷದ್ದಾದ್ರೆ ರೇಟು ಜಾಸ್ತಿ ಆಗ್ಬೇಕಲ್ರೀ. ಹಳೇ ಅಕ್ಕಿಗೇ ಬೆಲೆ. ಹೊಸ ಅಕ್ಕಿ ಉಂಡ್ರೆ ಹೊಟ್ಟೆ ನೋವು ಬರ್ತೈತಿ."

ಟಿವಿ ಅಕ್ಕಿಯ ಹಾಗಲ್ಲ, ಇಟ್ಟಷ್ಟೂ ಬೆಲೆ ಇಳಿಯುತ್ತದೆ ಎಂದು ನಾನು ವಿವರಿಸಿದೆ. ಅವರು ಮೀಸೆ ತಿರುವುತ್ತಾ ಕೇಳಿಸಿಕೊಂಡರು.

"ಇವತ್ತು ಹೊಸದು ಅಂತ ಇಟ್ಟೀರಲ್ಲ, ಅದೂ ಇಳೀತೈತಾ?"

"ಮುಂದಿನ ಮಾಡೆಲ್ ಬಂದ್ರೆ ಅದೂ ಇಳೀತದೆ."

"ಹಂಗಾರೆ ಇದು ಅಕ್ಕಿ ಅಲ್ಲ, ತರಕಾರಿ," ಎಂದು ಚೀಲ ಮಡಚಿ ಕಂಕುಳಲ್ಲಿಟ್ಟುಕೊಂಡು ಹೊರಟರು.

ಸಂತೆ ಮುಗಿಯುವ ಹೊತ್ತಿಗೆ ಮತ್ತೆ ಬಾಗಿಲಲ್ಲಿ ಕಂಡರು. ಈಗ ಚೀಲದ ತುಂಬ ಬದನೆಕಾಯಿ. "ಬದನೆಕಾಯಿ ಅರ್ಧಕ್ಕರ್ಧ ಇಳೀತು ಮೇಡಂ. ನಿಮ್ದು ಎಲ್ಲಿಗೆ ಬಂತು?"

ಒಂದು ವರ್ಷ ಹಿಂದಿನದು

ಉಳವಿಯಿಂದ ಗಂಡ ಹೆಂಡತಿ ಬಂದಿದ್ದರು. ಇಬ್ಬರೂ ಐವತ್ತು ದಾಟಿದವರು. ಬಸ್ಸಿನಲ್ಲೇ ಜಗಳ ಶುರುವಾಗಿತ್ತೆಂದು ಕಾಣುತ್ತದೆ, ಅಂಗಡಿಯೊಳಗೆ ಬಂದಾಗ ಅದು ಅರ್ಧ ದಾರಿಯಲ್ಲಿತ್ತು. ಗಂಡನಿಗೆ ಹೋದ ವರ್ಷದ ಟಿವಿಯೇ ಸಾಕು. ಹೆಂಡತಿಗೆ ಹೊಸದೇ ಆಗಬೇಕು, ಬೇಕಾದರೆ ಕಾಯೋಣ ಎನ್ನುತ್ತಿದ್ದರು.

"ಇವ್ರು ಏನಂತಾರೆ ಕೇಳು ಮಾರಾಯ್ತಿ," ಎಂದು ಗಂಡ ನನ್ನ ಕಡೆ ಕೈ ತೋರಿಸಿದರು.

ನಾನು ಇದ್ದದ್ದನ್ನು ಹೇಳಿದೆ. "ಮಾಲು ಒಳ್ಳೇದೇ ಅಮ್ಮ. ದೋಷ ಏನೂ ಇಲ್ಲ. ವರ್ಷ ಸ್ವಲ್ಪ ಹೆಚ್ಚಾಗಿದೆ ಅಷ್ಟೇ. ಮನೆಗೆ ಹೋದ್ಮೇಲೆ ಗೊತ್ತೂ ಆಗಲ್ಲ."

ಆಕೆ ನನ್ನನ್ನು ನೋಡಲಿಲ್ಲ, ಗಂಡನನ್ನೇ ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡಿದರು.

"ಇವ್ರನ್ನ ನೋಡಿಬಂದ ದಿನ ನಮ್ಮಪ್ಪನೂ ನಂಗೆ ಇದೇ ಮಾತು ಹೇಳಿದ್ರು," ಎಂದರು. "ಒಂದ್ಸಲ ಕೇಳಿದ್ದು ಸಾಕು. ನಾವು ಕಾಯ್ತೀವಿ."

ಹೋದ ವರ್ಷದ ಸೊಸೆ

ನಮ್ಮ ಅಂಗಡಿಯ ಹಿಂದಿನ ಕೇರಿಯಲ್ಲಿ ಒಬ್ಬರು ಅಜ್ಜಿ ಇದ್ದಾರೆ. ಅವರ ಮನೆಯ ಟಿವಿ ಸಿಡಿಲಿಗೆ ಹೋಗಿತ್ತು. ಮಗ ಬಂದು ತರುವವರೆಗೆ ಕಾಯುವ ತಾಳ್ಮೆಯಿಲ್ಲದೆ ತಾವೇ ನೋಡಲು ಬಂದರು. ರಿಯಾಯಿತಿಯ ಟಿವಿ ತೋರಿಸಿದೆ. ಅಜ್ಜಿ ಅದರ ಅಂಚನ್ನು ಸೆರಗಿನಿಂದ ಒರೆಸಿ ನೋಡಿದರು.

"ಇದು ಹೋದ ವರ್ಷದ್ದು ಅಂದ್ಯಲ್ಲ ಮಗಾ, ಇದ್ರಾಗೆ ಧಾರಾವಾಹಿನೂ ಹೋದ ವರ್ಷದ್ದೇ ಬರ್ತೈತಾ?"

ನನಗೆ ನಗು ತಡೆಯುವುದು ಕಷ್ಟವಾಯಿತು. "ಇಲ್ಲಜ್ಜಿ, ಹೆದರ್ಬೇಡಿ. ಟಿವಿ ಹಳೇದಾದ್ರೂ ಬರೋದೆಲ್ಲ ಇವತ್ತಿಂದೇ."

ಸಮಾಧಾನವಾಗುತ್ತದೆ ಅಂದುಕೊಂಡಿದ್ದೆ. ಅಜ್ಜಿಯ ಮುಖ ಚಿಕ್ಕದಾಯಿತು. "ಹಂಗಾರೆ ಬ್ಯಾಡ ಬಿಡು."

"ಯಾಕಜ್ಜಿ?"

"ಹೋದ ವರ್ಷ ಸೊಸೆ ಪಾರ್ಟು ಮಾಡ್ತಿದ್ದ ಹುಡುಗಿ ಲಕ್ಷಣವಾಗಿದ್ಲು. ಈ ವರ್ಷ ಅವಳನ್ನ ತೆಗೆದು ಯಾವಳನ್ನೋ ತಂದು ಹಾಕ್ಯಾರೆ. ಮನೇಲಿ ಒಬ್ರಿಗೂ ಗೊತ್ತಾಗಿಲ್ಲ. ಅತ್ತೆ ಅದೇ ಹೆಸರಲ್ಲಿ ಕರೀತಾಳೆ, ಇವಳು ಓ ಅಂತಾಳೆ." ಅಜ್ಜಿ ಹತ್ತಿರ ಬಂದು ದನಿ ತಗ್ಗಿಸಿದರು. "ಹೋಗ್ಲಿ, ಗಂಡ ಅನ್ನಿಸ್ಕೊಂಡೋನಿಗಾದ್ರೂ ಅನುಮಾನ ಬರಬಾರ್ದಾ?"

ಮೇಷ್ಟ್ರು ಕಂಡ ಮಂಜು

ಸೊರಬದಿಂದ ಒಬ್ಬರು ನಿವೃತ್ತ ಮೇಷ್ಟ್ರು ಟಿವಿ ನೋಡಲೆಂದೇ ಬಸ್ಸಿನಲ್ಲಿ ಬರುತ್ತಿದ್ದರು. ಬಹಳ ಮರ್ಯಾದೆಯ ಮನುಷ್ಯ. ಮೊದಲ ಸಲ ಬಂದಾಗ ಹೋದ ವರ್ಷದ ಟಿವಿಯ ಮುಂದೆ ಬೆನ್ನ ಹಿಂದೆ ಕೈ ಕಟ್ಟಿ ನಿಂತು ನೋಡಿದರು.

"ಚಿತ್ರದ ಮೇಲೆ ಒಂದು ತರಹ ಮಂಜು ಕವಿದ ಹಾಗಿದೆಯಲ್ಲ ತಾಯಿ. ಅದಕ್ಕೇ ಕಡಿಮೆಗೆ ಕೊಡ್ತಿದೀರಿ. ಹೊಸದು ಬರಲಿ, ಅವಸರ ಇಲ್ಲ."

ಹೊಸದು ಬಂತು. ಮೇಷ್ಟ್ರೂ ಬಂದರು. ಕಂಪನಿಯವನು ಇದರ ಬಣ್ಣದ ಬಗ್ಗೆ ಹೇಳಿದ್ದನ್ನೆಲ್ಲ ನಾನು ಒಪ್ಪಿಸಿದೆ. ಅವರು ಸಾವಧಾನವಾಗಿ ನೋಡಿ, "ಇದರಲ್ಲೂ ಮಂಜಿದೆ. ಮುಂದಿನ ವರ್ಷದ್ದರಲ್ಲಿ ಸರಿ ಮಾಡಬಹುದು," ಎಂದು ಹೊರಟರು. ಹೋಗುವಾಗ ಬಾಗಿಲ ಹತ್ತಿರ ನಿಂತು ಯಾರಿಗೋ ಕೈ ಮುಗಿದು, "ಬರ್ತೀನಮ್ಮಾ" ಎಂದರು. ಅಲ್ಲಿ ಇದ್ದದ್ದು ಜಾಹೀರಾತಿಗೆಂದು ನಿಲ್ಲಿಸಿದ, ಕೈ ಮುಗಿದ ಹೆಂಗಸಿನ ರಟ್ಟಿನ ಬೊಂಬೆ.

ನಾನು ಓಡಿಹೋಗಿ ಮೆಟ್ಟಿಲ ಬಳಿ ತಡೆದೆ. "ಮೇಷ್ಟ್ರೇ, ತಪ್ಪು ತಿಳೀಬೇಡಿ. ಒಂದ್ಸಲ ಕಣ್ಣು ತೋರಿಸ್ಕೊಳ್ಳಿ."

ಅವರಿಗೆ ಬೇಸರವಾಯಿತು. ಟಿವಿಯ ದೋಷ ಹೇಳಿದರೆ ನನ್ನ ಕಣ್ಣಿನ ದೋಷ ಹೇಳುತ್ತೀಯಲ್ಲ ಎಂದು ಹೊರಟೇಹೋದರು. ಖಾಯಂ ಗಿರಾಕಿಯನ್ನು ಓಡಿಸಿದೆನೆಂದು ಮಾಲೀಕರು ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ನನಗೂ, ಬಾಯಿ ಬಿಗಿ ಹಿಡಿಯಬೇಕಿತ್ತೇನೋ ಅನ್ನಿಸಿ ಮನಸ್ಸಿಗೆ ಕಸಿವಿಸಿ.

ಕೆಲವು ತಿಂಗಳಾದ ಮೇಲೆ ಮೇಷ್ಟ್ರು ಬಂದರು. ಕಣ್ಣಿಗೆ ಕಪ್ಪು ಕನ್ನಡಕ, ಕೈಯಲ್ಲಿ ಪೇಡೆ ಪೊಟ್ಟಣ. ಎರಡೂ ಕಣ್ಣಿಗೆ ಪೊರೆ ಬಂದಿತ್ತಂತೆ. ಇನ್ನೂ ತಡ ಮಾಡಿದ್ದರೆ ಕಷ್ಟವಿತ್ತು ಎಂದರಂತೆ ಡಾಕ್ಟರು. ಪೊಟ್ಟಣವನ್ನು ಎರಡೂ ಕೈಯಲ್ಲಿ ಹಿಡಿದು ನನ್ನ ಕೈಗಿಟ್ಟರು. ಮಾಲೀಕರು ಕುರ್ಚಿ ತಂದು ಹಾಕಿ, ಅಂಗಡಿಯ ಅತಿ ದೊಡ್ಡ ಟಿವಿ ಆನ್ ಮಾಡಿದರು.

ಮೇಷ್ಟ್ರು ಕನ್ನಡಕ ತೆಗೆದು ನೋಡಿದರು. "ಆಹಾ. ಮಂಜೇ ಇಲ್ಲ."

"ಪ್ಯಾಕ್ ಮಾಡಿಸ್ಲಾ?" ಎಂದರು ಮಾಲೀಕರು.

"ಬೇಡ. ಮನೇಲಿರೋ ಹಳೇದೂ ಈಗ ಹೀಗೇ ಕಾಣ್ತಿದೆ."

ಅವರು ಹೋದ ಮೇಲೆ ಮಾಲೀಕರು ಪೇಡೆ ತಿನ್ನುತ್ತಾ ಬಹಳ ಹೊತ್ತು ಯೋಚಿಸಿದರು. ಆಮೇಲೆ ನನಗೆ ಹೇಳಿದರು: "ಇನ್ಮೇಲೆ ಯಾರಿಗಾದ್ರೂ ಮಂಜು ಕಂಡ್ರೆ ಖಂಡಿತ ಡಾಕ್ಟ್ರ ಹತ್ರ ಕಳ್ಸಮ್ಮ. ಮೊದ್ಲು ಟಿವಿ ಮಾರು, ಆಮೇಲೆ ಕಳ್ಸು."

ಅಣ್ಣ ತಮ್ಮ

ಶಿಕಾರಿಪುರದ ಹತ್ತಿರದ ಒಂದು ಹಳ್ಳಿಯಲ್ಲಿ ಅಣ್ಣ ತಮ್ಮ ಇದ್ದಾರೆ. ಎರಡೂ ಮನೆಗಳ ನಡುವೆ ಒಂದೇ ಗೋಡೆ. ಜಗಳವೇನೂ ಇಲ್ಲ, ಆದರೆ ಅಣ್ಣ ಬಲಕ್ಕೆ ಅಂದರೆ ತಮ್ಮ ಎಡಕ್ಕೆ ಅನ್ನಬೇಕು. ಇಬ್ಬರೂ ಒಟ್ಟಿಗೆ ಟಿವಿ ತರಲು ಬಂದರು. ಅಣ್ಣ ರಿಯಾಯಿತಿಯ ಟಿವಿ ನೋಡಿ ಅಲ್ಲೇ ದುಡ್ಡು ಕೊಟ್ಟುಬಿಟ್ಟರು.

"ಹೋದ ವರ್ಷದ್ದಕ್ಕೂ ಈ ವರ್ಷದ್ದಕ್ಕೂ ಏನೂ ಫರಕ್ ಇರಲ್ಲ. ಎಲ್ಲ ಕಂಪನಿಯೋರ ಆಟ," ಎಂದರು.

"ಫರಕ್ ಇಲ್ದೆ ಸುಮ್ನೆ ಮಾಡ್ತಾರಾ? ನಾನು ಕಾಯ್ತೀನಿ," ಎಂದರು ತಮ್ಮ.

ಅಣ್ಣನ ಮನೆಗೆ ಸುಣ್ಣ ಬಣ್ಣ ನಡೆಯುತ್ತಿತ್ತು. ಹಾಗಾಗಿ ಅವರ ಟಿವಿ ನಮ್ಮ ಗೋದಾಮಿನಲ್ಲೇ ಉಳಿಯಿತು. ಅಷ್ಟರಲ್ಲಿ ಹೊಸ ಮಾಡೆಲ್ ಬಂತು, ತಮ್ಮ ಕೊಂಡರು. ಎರಡೂ ಒಂದೇ ಕಂಪನಿ, ಒಂದೇ ಅಳತೆ. ಒಂದೇ ಗಾಡಿಯಲ್ಲಿ ಹೋಗಲಿ, ಬಾಡಿಗೆ ಉಳಿಯುತ್ತದೆ ಎಂದರು ಅಣ್ಣ. ಆ ಒಂದು ಮಾತಿಗೆ ಮಾತ್ರ ತಮ್ಮ ತಲೆಯಾಡಿಸಿದರು. ನಮ್ಮ ಫಿಟ್ಟಿಂಗ್ ಮಾಡುವವರು ಎರಡು ಮನೆಯಲ್ಲೂ ಗೋಡೆಗೆ ಕೂರಿಸಿ ಬಂದರು.

ಮುಂದೆ ಆ ಊರಿನಲ್ಲಿ ನಮ್ಮ ನೆಂಟರ ಮನೆಯ ನಾಮಕರಣಕ್ಕೆ ಹೋಗಿದ್ದೆ. ದಾರಿಯಲ್ಲಿ ಸಿಕ್ಕ ತಮ್ಮ ಬಿಡದೆ ಮನೆಗೆ ಕರೆದುಕೊಂಡು ಹೋದರು. ಟಿವಿ ಹಾಕಿ, "ಆ ಹಸಿರು ನೋಡ್ರಿ. ಗದ್ದೆ ಒಳಗೆ ಇಳಿದಂಗೆ ಆಗ್ತೈತಿ. ಕಾದಿದ್ದಕ್ಕೂ ಸಾರ್ಥಕ. ಅಣ್ಣನ ಮನೇದ್ರಲ್ಲಿ ಈ ಹಸಿರು ಬರಂಗಿಲ್ಲ," ಎಂದರು. ಕೇರಿಯವರನ್ನೆಲ್ಲ ಕರೆದು ಈ ಹಸಿರು ತೋರಿಸಿದ್ದರಂತೆ.

ಪಕ್ಕದ ಮನೆಗೂ ಹೋಗದಿದ್ದರೆ ಆಗುವುದಿಲ್ಲವಲ್ಲ. ಅಣ್ಣ ಕಾಫಿ ಕೊಡಿಸಿ, "ಇದು ಹೋದ ವರ್ಷದ್ದು ಅಂತ ಯಾರಾದ್ರೂ ಅಂತಾರೇನ್ರಿ? ನಾನು ಅವತ್ತೇ ಹೇಳ್ಲಿಲ್ವಾ?" ಎಂದರು. ನಾನು ಹೌದೆಂದು ಅಂಗಳಕ್ಕೆ ಬಂದೆ. ಅಲ್ಲಿ ಒಂದು ದೊಡ್ಡ ರಟ್ಟಿನ ಡಬ್ಬ, ಅದರೊಳಗೆ ಹುಲ್ಲು ಹಾಸಿ ಕಾವಿಗೆ ಕೂರಿಸಿದ ಕೋಳಿ. ಡಬ್ಬದ ಮೇಲೆ ಹೊಸ ಮಾಡೆಲಿನ ಹೆಸರು ದಪ್ಪ ಅಕ್ಷರದಲ್ಲಿತ್ತು.

"ಇದು ಯಾವ ಡಬ್ಬ ಯಜಮಾನ್ರೇ?"

"ನಮ್ಮ ಟಿವೀದೇ. ಒಳ್ಳೆ ಗಟ್ಟಿ ಐತಿ."

ಡಬ್ಬದ ಮೇಲಿನ ಹೆಸರನ್ನು ಇನ್ನೊಮ್ಮೆ ಓದಿಕೊಂಡೆ. ಟಿವಿಗಳು ಅದಲು ಬದಲಾಗಿದ್ದವು. ಹೆಚ್ಚು ಕೊಟ್ಟ ತಮ್ಮನ ಮನೆಯಲ್ಲಿ ಹೋದ ವರ್ಷದ್ದು, ಕಡಿಮೆ ಕೊಟ್ಟ ಅಣ್ಣನ ಮನೆಯಲ್ಲಿ ಹೊಸದು.

ಮರುದಿನ ಮಾಲೀಕರಿಗೆ ಹೇಳಿದೆ. ಅವರು ತಲೆ ಮೇಲೆ ಕೈ ಇಟ್ಟುಕೊಂಡು, "ಇಬ್ರೂ ಸಂತೋಷವಾಗಿದಾರಾ?" ಎಂದು ಕೇಳಿದರು. ಬಹಳ ಸಂತೋಷವಾಗಿದ್ದಾರೆ ಎಂದೆ. ಆದರೂ ಮಾಲೀಕರಿಗೆ ಮನಸ್ಸು ಒಪ್ಪಲಿಲ್ಲ. ಗೊತ್ತಾದ ಮೇಲೆ ಸುಮ್ಮನಿದ್ದರೆ ಅದು ಮೋಸ, ನಾಳೆ ಆ ಊರಿನವರಿಗೆ ಮುಖ ತೋರಿಸುವುದು ಹೇಗೆ ಎಂದು ನನ್ನನ್ನೂ ಕರೆದುಕೊಂಡು ಹೊರಟರು.

ಇಬ್ಬರನ್ನೂ ಅಂಗಳದಲ್ಲಿ ನಿಲ್ಲಿಸಿ ವಿಷಯ ಹೇಳಿದೆವು. ತಮ್ಮ ನಂಬಲಿಲ್ಲ. ಟಿವಿಯ ಹಿಂದಿನ ಚೀಟಿ ತೋರಿಸಿದ ಮೇಲೆ ಒಪ್ಪಿಕೊಂಡರು.

"ಅಂದ್ರೆ ನೀನು ಇಷ್ಟು ದಿನ ಊರಿಗೆಲ್ಲ ಹೊಗಳಿದ್ದು ನನ್ನ ಟಿವೀನ," ಎಂದರು ಅಣ್ಣ.

"ಚೆನ್ನಾಗೈತಿ ಅಂತ ನೀನು ಕುಣಿದಿದ್ದು ನನ್ನ ಟಿವಿ ನೋಡಿ," ಎಂದರು ತಮ್ಮ.

ಕೈ ಕೈ ಮಿಲಾಯಿಸಬಹುದು ಎಂದು ನಾನು ಗೇಟಿನ ಕಡೆ ಸರಿದೆ. ಆದರೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿ ನಗಲು ಶುರು ಮಾಡಿದರು. ಅವರು ಒಟ್ಟಿಗೆ ನಕ್ಕದ್ದನ್ನು ನೋಡಲು ಒಳಗಿನಿಂದ ಹೆಂಗಸರೂ ಬಂದರು. ಅವತ್ತೇ ಟಿವಿ ಬಿಚ್ಚಿಸಿ, ಅವರವರದ್ದನ್ನು ಅವರವರ ಗೋಡೆಗೆ ಕೂರಿಸಿ, ಊಟ ಮಾಡಿಕೊಂಡು ಬಂದೆವು. ಬರುವಾಗ ಮಾಲೀಕರು ಮನಸ್ಸು ಹಗುರವಾಯಿತು ಎಂದರು.

ವಾರ ಕಳೆದಿರಲಿಲ್ಲ, ತಮ್ಮನ ಫೋನು ಬಂತು. ಮಾಲೀಕರು ಸ್ಪೀಕರಿಗೆ ಹಾಕಿದರು.

"ಅಲ್ರೀ, ಈ ಟಿವೀಲಿ ಆ ಹಸಿರು ಬರ್ತಾ ಇಲ್ಲ."

"ಈಗ ನಿಮ್ಮ ಹತ್ರ ಇರೋದೇ ಹೊಸದು ಯಜಮಾನ್ರೇ. ಮೊದ್ಲು ಇದ್ದಿದ್ದು ಹೋದ ವರ್ಷದ್ದು."

"ಅದೆಲ್ಲ ನಂಗೆ ಬ್ಯಾಡ. ಮೊದ್ಲು ನಮ್ಮನೇಲಿ ಇತ್ತಲ್ಲ ಹೊಸದು, ಅದನ್ನೇ ವಾಪಸ್ ಹಾಕ್ಕೊಡಿ."

ಮಾಲೀಕರು ಏನಾದರೂ ಹೇಳುವ ಮೊದಲೇ ಆ ಕಡೆ ಗೋಡೆಯಾಚೆಯಿಂದ ಅಣ್ಣನ ದನಿ ಕೇಳಿಸಿತು: "ಹೆಂಗೂ ಬರ್ತಾರಲ್ಲ, ನಂದೂ ಹೇಳು. ಈ ಹಳೇದು ಸರಿ ಇಲ್ಲ, ನಂಗೆ ಮೊದ್ಲಿದ್ದ ಹಳೇದೇ ಬೇಕು."