ನಕ್ಷತ್ರದ ಮಣ್ಣು ಎಷ್ಟಕ್ಕ?

ನನಗೊಂದು ಕೆಟ್ಟ ಚಟವಿದೆ. ಸಾವಿನ ಸುದ್ದಿ ಬಂದರೆ ಖುಷಿಯಾಗುತ್ತದೆ. ಗಾಬರಿಯಾಗಬೇಡಿ, ಸಾಯುವುದು ನಕ್ಷತ್ರಗಳು. ಗದಗಿನ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತ, ಒಂಬತ್ತು ವರ್ಷಗಳಿಂದ ಗಾಮಾ ಕಿರಣ ಸ್ಫೋಟಗಳ ಮೇಲೆ ಪಿಎಚ್‌ಡಿ ಮಾಡುತ್ತಲೇ ಇದ್ದೇನೆ. ಭಾರೀ ನಕ್ಷತ್ರವೊಂದು ತನ್ನೊಳಗೆ ತಾನೇ ಕುಸಿದು ಕಪ್ಪುರಂಧ್ರವಾಗುವಾಗ, ನಮ್ಮ ಸೂರ್ಯ ಜೀವಮಾನವಿಡೀ ಸುರಿಯುವಷ್ಟು ಶಕ್ತಿಯನ್ನು ಕೆಲವೇ ಸೆಕೆಂಡುಗಳಲ್ಲಿ ಹೊರಹಾಕಿಬಿಡುತ್ತದೆ. ಆ ಗಾಮಾ ಕಿರಣ ನಮ್ಮ ವಾಯುಮಂಡಲ ದಾಟಿ ಕೆಳಗಿಳಿಯಲಾರದು. ಮೇಲೆ ಸುತ್ತುವ ಉಪಗ್ರಹವೇ ಅದನ್ನು ಕಂಡು, ಥಟ್ಟನೆ ಅತ್ತ ಹೊರಳಿ, ಸ್ಫೋಟದ ಹಿಂದೆ ಉಳಿಯುವ ಎಕ್ಸ್-ರೇ ಹೊಳಪನ್ನು ಆರುವ ಮುಂಚೆ ಹಿಡಿಯಬೇಕು. ಹುಡುಗರಿಗೆ ಇದನ್ನು ಹೇಳುವಾಗ ಈಗಲೂ ನನ್ನ ಮೈ ಜುಮ್ಮೆನ್ನುತ್ತದೆ. ಸ್ಫೋಟ ಕಂಡ ಕೂಡಲೇ ನನ್ನ ಮೊಬೈಲಿಗೆ ಸಂದೇಶ ಬರುತ್ತದೆ. ಎಕ್ಸ್-ರೇ ಸಿಕ್ಕಿತೋ ಇಲ್ಲವೋ ಎಂಬುದು ಗೊತ್ತಾಗುವುದು ಒಂದೆರಡು ನಿಮಿಷ ಕಳೆದ ಮೇಲೆ. ನನ್ನ ಪ್ರಬಂಧದ ಕೊನೆಯ ಅಧ್ಯಾಯಕ್ಕೆ ಗಾಮಾ, ಎಕ್ಸ್-ರೇ ಎರಡೂ ಚೆನ್ನಾಗಿ ಸಿಕ್ಕ ಒಂದೇ ಒಂದು ಸ್ಫೋಟ ಬೇಕಾಗಿದೆ.

ಕಳೆದ ತಿಂಗಳು ಲಕ್ಷ್ಮೇಶ್ವರದಲ್ಲಿ ತಂಗಿಯ ಮಗಳ ನಿಶ್ಚಯವಿತ್ತು. ಎರಡು ಸಂಬಂಧ ತಪ್ಪಿಹೋದ ಮೇಲೆ ಕೂಡಿಬಂದದ್ದು. ತಂಗಿ ಬೆಳಗಿನಿಂದ ಉಸಿರು ಬಿಗಿಹಿಡಿದೇ ಓಡಾಡುತ್ತಿದ್ದಳು. ಮುಂಡರಗಿಯ ಬೀಗರು ಬಂದು ಪಡಸಾಲೆಯಲ್ಲಿ ಕುಳಿತಿದ್ದರು. ವರನ ಅಜ್ಜಿ ಇನ್ನೇನು ಹುಡುಗಿಯ ಉಡಿಗೆ ತೆಂಗಿನಕಾಯಿ ಹಾಕಬೇಕು, ನನ್ನ ಮೊಬೈಲು ಟಿಂಗ್ ಎಂದಿತು. ನೋಡಿದವನೇ, "ಹೋತು! ಮತ್ತೊಂದು ಹೋತು!" ಎಂದು ಕೂಗಿಬಿಟ್ಟೆ. ಮುಖದಲ್ಲಿ ನಗು ಬೇರೆ.

ಅಜ್ಜಿಯ ಕೈ ಅಲ್ಲೇ ನಿಂತಿತು. ನಮ್ಮ ಕಡೆ ಅಂತ್ಯಕ್ರಿಯೆಗೆ ಮಣ್ಣು ಎನ್ನುತ್ತಾರೆ. ಸಾವಿನ ಸುದ್ದಿ ಬಂದರೆ ಮೊದಲು ಕೇಳುವುದೇ ಅದು ಎಷ್ಟು ಹೊತ್ತಿಗೆ ಎಂದು.

"ಯಾರು ಹೋದ್ರು? ಮಣ್ಣು ಎಷ್ಟಕ್ಕೈತಿ?" ಎಂದರು ಅಜ್ಜಿ.

ಮನೆಯಲ್ಲಿ ಸಾವಾಗಿದ್ದರೆ ನಿಶ್ಚಯ ಅಲ್ಲಿಗೆ ಮುಗಿದಂತೆಯೇ. ತಂಗಿ ನನ್ನನ್ನು ನುಂಗುವಂತೆ ನೋಡಿ, "ಅಣ್ಣಾ, ಅದೇನಂತ ಜಲ್ದಿ ಬಿಡಿಸಿ ಹೇಳು" ಎಂದಳು.

"ಮನುಷ್ಯಾರಲ್ರಿ ಅಮ್ಮಾರ, ನಕ್ಷತ್ರ. ಹೋಗಿ ನೂರಾರು ಕೋಟಿ ವರ್ಷ ಆಗಿರಬೇಕು. ಆಗ ಈ ಭೂಮಿ ಇತ್ತೋ ಇಲ್ಲೋ. ಖಬರ ಈಗ ಮುಟ್ಟೇತ್ರಿ."

"ಮತ್ತ ಮಣ್ಣು?"

"ತನ್ನ ಮಣ್ಣು ತಾನ ಮಾಡ್ಕೊಂಡೈತ್ರಿ. ತನ್ನೊಳಗ ತಾನ ಕುಸದು ಹೋಗಿಬಿಟ್ಟೈತಿ."

"ಹೆಗಲು ಕೊಡಾಕ ಯಾರೂ ಇರಲಿಲ್ಲೇನು?"

"ಇಲ್ರಿ."

ಅಜ್ಜಿ ಕಾಯಿಯನ್ನು ತಟ್ಟೆಯಲ್ಲಿಟ್ಟು, ಬಾಗಿಲಾಚೆ ಬಿಸಿಲು ತುಂಬಿದ ಆಕಾಶವನ್ನು ಬಹಳ ಹೊತ್ತು ನೋಡಿದರು. ತಂಗಿ ಮಾತ್ರ ತಟ್ಟೆಯಲ್ಲಿದ್ದ ಆ ಕಾಯಿಯನ್ನೇ ನೋಡುತ್ತಿದ್ದಳು.

"ಅಷ್ಟು ದೂರದಿಂದ, ಹಾದಿ ತಪ್ಪದ ಇಲ್ಲಿತನಕ ಬಂದೈತಲ್ಲ ಖಬರ" ಎಂದು ಅಜ್ಜಿ ಮೊಣಕಾಲು ಹಿಡಿದು ಎದ್ದರು. "ಎಲ್ಲಾರೂ ಒಂದೀಟು ಎದ್ದು ನಿಲ್ರಿ. ಆಮ್ಯಾಲ ಉಡಿ ತುಂಬೂಣು."

ಬೀಗರು ಎದ್ದರು. ತಂಗಿ ಕಣ್ಣೊರೆಸಿಕೊಳ್ಳುತ್ತ ಎದ್ದಳು. ಸೆರಗು ಹಿಡಿದುಕೊಂಡೇ ಹುಡುಗಿಯೂ ಎದ್ದಳು. ಯಾರೂ ಕಾಣದ ಒಂದು ನಕ್ಷತ್ರಕ್ಕಾಗಿ ಲಕ್ಷ್ಮೇಶ್ವರದ ಆ ಪಡಸಾಲೆ ಇಡೀ ಸದ್ದಿಲ್ಲದೆ ನಿಂತಿತ್ತು. ಕುಳಿತೇ ಇದ್ದವನು ಅದರ ಬಗ್ಗೆ ಒಂಬತ್ತು ವರ್ಷ ಓದಿದ ನಾನೊಬ್ಬನೇ. ಎಕ್ಸ್-ರೇ ಸಿಕ್ಕಿತೋ ಇಲ್ಲವೋ ಎಂದು ಮೊಬೈಲು ತಿಕ್ಕುತ್ತಿದ್ದೆ.