ಹಾಲಮ್ಮನ ಮಿಕ್ಸಿಯೂ ಮರುಳಸಿದ್ದಪ್ಪನ ಗೋಡೆಯೂ

ಎರಡು ಮನೆಗಳಿಗೆ ಒಂದೇ ಗೋಡೆ ಸಾಕೆಂದು ಕಂಟ್ರಾಕ್ಟರುಗಳು ಕಂಡುಕೊಂಡಿದ್ದ ಈ ಕಲಿಯುಗದಲ್ಲಿ, ಏಳು ವರ್ಷಗಳ ಹಿಂದೆ, ದಾವಣಗೆರೆಯ ಸಾಲುಮನೆಯೊಂದರಲ್ಲಿ ಹಾಲುಕ್ಕಿಸಿದ ದಿನವೇ ಆಚೆಮನೆಯ ಕೆಮ್ಮು ಈಚೆ ಕೇಳಿಸಲಾಗಿ, ಡ್ರಾಯಿಂಗ್ ಮೇಷ್ಟ್ರು ಮರುಳಸಿದ್ದಪ್ಪನು ಗೋಡೆಯ ಮೇಲೆ ಅಂಗೈಯಿಟ್ಟು ಹೆಂಡತಿಗೆ ಭಾಷೆ ಕೊಟ್ಟನು: "ಶಾಂಭವಿ, ಆಚೆಮನೆ ಸದ್ದು ಈ ಗೋಡೆ ದಾಟದಂಗೆ ಮಾಡ್ತೀನಿ. ಇದು ನನ್ನ ಮಾತು."

ಕೇಳುಗರೇ, ಆ ಅರ್ಧಕಾರ್ಯಧುರಂಧರನನ್ನು, ನಾಳೆಯೆಂಬ ದೇವತೆಯ ಪರಮಭಕ್ತನನ್ನು, ಆರು ಬೇಸಿಗೆರಜೆಗಳನ್ನು ಬರೀ ಅಳತೆ ತೆಗೆಯುವುದರಲ್ಲೇ ಕಳೆದ ಮಹಾಪುರುಷನನ್ನು ಮೊದಲು ನೆನೆಯೋಣ.

ಶಾಂಭವಿ ನರ್ಸು. ಎರಡು ವರ್ಷದಿಂದ ರಾತ್ರಿಪಾಳಿ. ಬೆಳಿಗ್ಗೆ ಬಂದು, ಮಗಳ ಡಬ್ಬಿ ಕಟ್ಟಿ, ಒಂಬತ್ತಕ್ಕೆ ಮಲಗುವಳು. ಒಂಬತ್ತೂ ಹತ್ತಕ್ಕೆ ಸರಿಯಾಗಿ, ಚಟ್ನಿಪುಡಿ ಮಾಡಿ ಮಾರುವ ಪಕ್ಕದ ಹಾಲಮ್ಮನ ಮಿಕ್ಸಿಯು ಶೇಂಗಾಮರ್ದನಘೋರಘರ್ಘರರವದಿಂದ ಅಷ್ಟದಿಕ್ಕುಗಳನ್ನೂ ನಡುಗಿಸುವುದು. ಕಳೆದ ವಾರ ಶಾಂಭವಿ ಬಸ್ಸಿನಲ್ಲೇ ನಿದ್ದೆಹೋಗಿ ಡಿಪೋ ಸೇರಿದ್ದಳು.

"ಹಾಲಮ್ಮಾರಿಗೆ ಒಂದು ಮಾತು ಹೇಳ್ಲೇನ್ರಿ?"

"ಮರುಳಸಿದ್ದಪ್ಪನು ಉಸಿರಾಡುತ್ತಿರುವಾಗ ನೆರೆಮನೆಯ ಬಾಗಿಲಲ್ಲಿ ಮೌನಭಿಕ್ಷೆಯೇ? ಗೋಡೆಯೆಂಬುದೇನು, ಮಣ್ಣು. ಸದ್ದೆಂಬುದೇನು, ಗಾಳಿ. ನಡುವೆ ನಾನಿದ್ದೇನೆ."

"ನೀವಿದ್ದೀರಿ ಅಂತಾನೇ ಕೇಳಿದ್ದು."

ದಸರಾ ರಜೆಯ ಮೊದಲ ದಿನವೇ ರಣಕಹಳೆ ಮೊಳಗಿತು. ಮರದ ಪಟ್ಟಿಗಳ ಚೌಕಟ್ಟು ವ್ಯೂಹದಂತೆ ನಿಂತಿತು. ಅದರ ಹೊಟ್ಟೆಯೊಳಗೆ ತೆಂಗಿನ ನಾರಿನ ಹಾಸು ಸೇನೆಯಂತೆ ತುಂಬಿತು. ಮೇಲೆ ಜಿಪ್ಸಮ್ ಹಲಗೆ, ಅದರ ಮೇಲೆ ಇನ್ನೊಂದು ಹಲಗೆ, ಸಂದುಗಳಿಗೆಲ್ಲ ಪುಟ್ಟಿ. ಜಿಪ್ಸಮ್‌ಧೂಳಿಧವಳಿತಶ್ಮಶ್ರುವೂ ಸುತ್ತಿಗೆಯೇಟಿನಿಂದ ಪಟ್ಟಿಬಂಧಿತಾಂಗುಷ್ಠನೂ ಆದ ವೀರನು ಕರಣೆಯನ್ನು ಖಡ್ಗದಂತೆ ಝಳಪಿಸುತ್ತ ಮುನ್ನುಗ್ಗುತ್ತಿರಲು, ಸಹಾಯಕ್ಕೆ ಬಂದಿದ್ದ ಗಾರೆ ಕೆಲಸದ ದುರುಗಪ್ಪ ತಲೆ ಕೆರೆದುಕೊಂಡನು.

"ಮೇಷ್ಟ್ರೇ, ಈ ಸ್ವಿಚ್ ಡಬ್ಬಿ, ಆಕಡೆ ಮನೆ ಸ್ವಿಚ್ ಡಬ್ಬಿ, ಎರಡಕ್ಕೂ ಒಂದೇ ತೂತು ಐತಿ. ಮೊದ್ಲು ಅದನ್ನ ಮುಚ್ಚಾನ."

"ದುರುಗಪ್ಪಾ, ಆನೆ ಕಟ್ಟುವವನಿಗೆ ಇಲಿಯ ಬಿಲ ತೋರಿಸುವೆಯಾ?"

"ನನಗೇನ್ರಿ," ಎಂದು ಅವನು ಬೀಡಿ ಹಚ್ಚಿದನು.

ಹತ್ತನೆಯ ದಿನ ಗೋಡೆ ಹಿಮಗಿರಿಯಂತೆ ಹೊಳೆಯಿತು. ಕೋಣೆ ಮುಕ್ಕಾಲು ಅಡಿ ಕಿರಿದಾಗಿ ಬೀರುವಿನ ಬಾಗಿಲು ಅರ್ಧಕ್ಕೇ ನಿಲ್ಲುತ್ತಿತ್ತು. ಶಾಂಭವಿ ಮಲಗಿದಳು. ಗಂಟೆ ಒಂಬತ್ತೂ ಹತ್ತು. ಇಷ್ಟು ವರ್ಷ ಗೋಡೆಯ ಉದ್ದಗಲಕ್ಕೂ ಹರಡಿಕೊಂಡು ಬರುತ್ತಿದ್ದ ಮಿಕ್ಸಿಯ ಸದ್ದು ಈಗ ಫ್ಯಾನಿನ ಸ್ವಿಚ್ಚಿನ ಸಂದಿಯಿಂದ, ಶಂಖ ಊದಿದಂತೆ, ನೇರ ಹಾಸಿಗೆಗೇ ಬಂತು. ಅದರ ಬೆನ್ನಿಗೇ ಹಾಲಮ್ಮನ ದನಿ: "ಈ ಮೇಷ್ಟ್ರಿಗೆ ಯಾರಾದ್ರೂ ಹೇಳ್ರವ್ವಾ. ಹತ್ತು ದಿನದಿಂದ ಬಡಿದೂ ಬಡಿದೂ ನನ್ನ ತಲೆ ಸಿಡೀತೈತಿ."

ಶಾಂಭವಿ ಎದ್ದು ಸ್ವಿಚ್ಚಿನ ಹತ್ತಿರ ಬಾಯಿಟ್ಟಳು. "ಹಾಲಮ್ಮಾರೇ, ನನಗೆ ರಾತ್ರಿ ಡ್ಯೂಟಿ. ಮಿಕ್ಸಿ ಮಧ್ಯಾಹ್ನದ ಮೇಲೆ ಹಾಕ್ಕೊಳ್ತೀರಾ?"

"ಅಯ್ಯ, ಅದಕ್ಕೇನಂತೆ ತಾಯಿ. ಇಷ್ಟು ದಿನ ಒಂದು ಮಾತು ಹೇಳಬಾರದಾಗಿತ್ತಾ? ನಿಮ್ಮ ಯಜಮಾನ್ರು ಸುತ್ತಿಗೆ ಕೆಳಗಿಟ್ರೆ ಸಾಕು, ನೀವು ಮಲಕ್ಕೊಳ್ರಿ."

ಮಿಕ್ಸಿ ನಿಂತಿತು. ಶಾಂಭವಿ ಮಗ್ಗುಲಾಗುವಷ್ಟರಲ್ಲಿ ನಿದ್ದೆಹೋಗಿದ್ದಳು. ಗೋಡೆಯ ಪಕ್ಕದಲ್ಲಿ ಮರುಳಸಿದ್ದಪ್ಪನು, ಕೆಳಗಿಟ್ಟರೆ ಟಣ್ಣೆಂದೀತೆಂದು ಹೆದರಿ, ಕರಣೆಯನ್ನು ಹಿಡಿದುಕೊಂಡೇ ನಿಂತಿದ್ದನು.

ಆಚೆಮನೆ ಸದ್ದು ಗೋಡೆ ದಾಟಿತ್ತು. ಏಳು ವರ್ಷದ ಹಿಂದೆ ಕೊಟ್ಟ ಮಾತು ನಡೆಯಲಿಲ್ಲ.