ಮನೆಗೆ ಬಂದವರು, ಅಂಗಡಿಗೆ ಬಂದವರು

ನಮ್ಮಮ್ಮನಿಗೆ ಒಂದು ಅಭ್ಯಾಸ. ಹೊಸಿಲು ದಾಟಿ ಯಾವ ಹೆಂಗಸು ಒಳಗೆ ಬಂದರೂ ಅವರ ಬಲಗೈ ತಾನಾಗಿ ಗೂಡಿನಲ್ಲಿರುವ ಕುಂಕುಮದ ಬಟ್ಟಲಿಗೆ ಹೋಗುತ್ತದೆ. ಬಂದವರು ಯಾರು, ಯಾಕೆ ಬಂದರು ಎಂಬುದೆಲ್ಲ ಆಮೇಲಿನ ಮಾತು. ಒಮ್ಮೆ ಜನಗಣತಿಗೆ ಬಂದ ಟೀಚರು, ‘ಮನೇಲಿ ಎಷ್ಟು ಜನ?’ ಎಂದು ಕೇಳುವ ಮೊದಲೇ ಹಣೆಗೆ ಕುಂಕುಮ, ಕೈಗೆ ತಾಂಬೂಲ ಬಂದು ಬಿದ್ದು, ಕೇಳಬೇಕಾದ್ದನ್ನು ಮರೆತು ಪಕ್ಕದ ಮನೆಗೆ ಹೋಗಿಬಿಟ್ಟರು. ಸರ್ಕಾರದ ಲೆಕ್ಕದಲ್ಲಿ ನಾವು ಇದ್ದೇವೋ ಇಲ್ಲವೋ ಇವತ್ತಿಗೂ ನನಗೆ ಅನುಮಾನ.

ಇಂಥ ಅಮ್ಮ ಇರುವ ಮನೆಯ ಮುಂದಿನ ಕೋಣೆಯಲ್ಲಿ ನಾನು ಹೊಲಿಗೆ ಅಂಗಡಿ ಇಟ್ಟೆ. ನಗೆಪಾಟಲಿಗೆ ಈಡಾಗುವಂಥದ್ದು ಏನೂ ನಡೆಯದ ವಾರ ಅಲ್ಲಿಂದೀಚೆಗೆ ಬಂದದ್ದೇ ಇಲ್ಲ.

ನಾನು ಓದಿದ್ದು ಬೆಂಗಳೂರಿನ ಕಾನ್ವೆಂಟಿನಲ್ಲಿ, ಸೋದರತ್ತೆಯ ಮನೆಯಲ್ಲಿದ್ದುಕೊಂಡು. ಇಂಗ್ಲೆಂಡಿನ ಯಾವನೋ ವ್ಯಾಪಾರಿ ಕುದುರೆಯನ್ನು ಎಷ್ಟು ಪೌಂಡಿಗೆ ಕೊಂಡು ಎಷ್ಟಕ್ಕೆ ಮಾರಿದರೆ ಲಾಭವೆಷ್ಟು ಎಂದು ಕೇಳಿದರೆ ತಟಕ್ಕನೆ ಬರೆಯುತ್ತಿದ್ದೆ. ಬರೆಯುತ್ತಿದ್ದೆ, ಅಷ್ಟೆ. ಬಾಯಿ ಬಿಡುವುದು ನನ್ನಿಂದಾಗದ ಕೆಲಸ. ಎರಡು ಕಡೆ ಕೆಲಸಕ್ಕೆ ಇಂಟರ್ವ್ಯೂಗೆ ಹೋಗಿ, ಹೆಸರು ಹೇಳುವಷ್ಟರಲ್ಲೇ ಬೆವತು, ದೊಡ್ಡಬಳ್ಳಾಪುರಕ್ಕೆ ವಾಪಸು ಬಂದೆ. ಸಿಸ್ಟರುಗಳು ಹೊಲಿಗೆ ಕಲಿಸಿದ್ದರು. ಅತ್ತೆ ತಮ್ಮ ಹಳೆಯ ಮಿಷನ್ನು ಕೊಟ್ಟರು. ಬಟ್ಟೆಯ ಜೊತೆ ಮಾತಾಡಬೇಕಾಗಿಲ್ಲವಲ್ಲ ಎಂಬ ಧೈರ್ಯದ ಮೇಲೆ ವ್ಯಾಪಾರಕ್ಕೆ ಇಳಿದೆ. ಬಟ್ಟೆಯ ಹಿಂದೆ ಗಿರಾಕಿಯೂ ಬರುತ್ತಾಳೆ ಎಂಬುದು ಆಗ ಹೊಳೆದಿರಲಿಲ್ಲ.

ಅಪ್ಪ ತಾಲ್ಲೂಕು ಕಚೇರಿಯ ಗುಮಾಸ್ತರು, ಕಾಯಿದೆಯ ಮನುಷ್ಯ. ಒಂದೇ ಮಾತು ಹೇಳಿದರು. ‘ಆ ಕೋಣೇನ ಸೈಕಲ್ ಶಾಪಿನವರು ತಿಂಗಳಿಗೆ ಹದಿನೈದು ರೂಪಾಯಿಗೆ ಕೇಳ್ತಿದ್ದಾರೆ. ದೀಪಾವಳಿವರೆಗೂ ನೋಡ್ತೀನಿ. ಅಷ್ಟರಲ್ಲಿ ನೀನೇ ಆ ಬಾಡಿಗೆ ಕೊಡೋ ಹಾಗಾದ್ರೆ ಅಂಗಡಿ ನಿಂದು. ಇಲ್ದಿದ್ರೆ ಮಿಷನ್ನು ಅಟ್ಟಕ್ಕೆ, ನೀನು ಅಡುಗೆಮನೆಗೆ.’

ತಾಂಬೂಲ

ಮೊದಲ ಗಿರಾಕಿ ನಮ್ಮ ಬೀದಿಯ ಮಗ್ಗದ ಮನೆಯ ಸೊಸೆ. ರವಿಕೆ ಹೊಲಿದು ಮಡಿಸಿ ಕೊಟ್ಟೆ. ‘ಎಷ್ಟು ಕೊಡ್ಲಕ್ಕಾ?’ ಎಂದಳು. ಒಂದೂವರೆ ರೂಪಾಯಿ ಎಂದು ಬೆಳಗ್ಗೆಯಿಂದ ಕನ್ನಡಿಯ ಮುಂದೆ ಹೇಳಿ ಹೇಳಿ ಬಾಯಿಪಾಠ ಮಾಡಿದ್ದೆ. ಬಾಯಿಗೆ ಬಂದದ್ದು, ‘ನಿಮಗೆ ತೋಚಿದ್ದು ಕೊಡಿ.’

ಆಕೆಗೆ ಎಂಟಾಣೆ ತೋಚಿತು.

ಅಷ್ಟರಲ್ಲಿ ಅಮ್ಮ ಬಂದರು. ಕುಂಕುಮ ಆಯಿತು, ಕಾಫಿ ಆಯಿತು. ಎಲೆ ಅಡಿಕೆ, ಬಾಳೆಹಣ್ಣಿನ ಜೊತೆಗೆ ಟ್ರಂಕಿನಿಂದ ಒಂದು ಹೊಸ ರವಿಕೆ ಕಣವೂ ಬಂತು. ಹಬ್ಬ, ಮದುವೆ, ಸೀಮಂತ ಅಂತ ಅಮ್ಮನಿಗೆ ಬಂದ ಕಣಗಳು ಆ ಟ್ರಂಕಿನ ತುಂಬ ಇದ್ದವು. ಗಿರಾಕಿ ಹೋದ ಮೇಲೆ ನಾನು, ‘ಅಮ್ಮಾ, ಅವರು ಅಂಗಡಿಗೆ ಬಂದಿದ್ದು’ ಎಂದೆ.

‘ಅಂಗಡಿ ಎಲ್ಲಿದೆ?’

‘ಮನೇಲಿ.’

‘ಅಂದ್ಮೇಲೆ ಮನೆಗೆ ಬಂದ ಹಾಗಲ್ವೇನೆ? ಮುತ್ತೈದೇನ ಬರಿಗೈಲಿ ಕಳಿಸ್ತಾರಾ?’

ಮುಂದಿನ ವಾರ ಆಕೆ ಅದೇ ಕಣ ಹಿಡಿದುಕೊಂಡು ಬಂದಳು. ‘ನಿಮ್ಮಮ್ಮ ಕೊಟ್ಟಿದ್ದು. ಹೊಲ್ಕೊಡಕ್ಕಾ’ ಎಂದಳು. ಈ ಸಲ ಎಷ್ಟು ಎಂದು ಕೇಳಲೂ ಇಲ್ಲ. ನಾನು ಒಳಗೆ ಹೋಗಿ ಅಮ್ಮನ ಮುಖ ನೋಡಿದೆ. ‘ನಾವೇ ಅರಿಶಿನ ಕುಂಕುಮಕ್ಕೆ ಕೊಟ್ಟು, ನಾವೇ ಅದಕ್ಕೆ ಕೂಲಿ ಕೇಳೋದಾ? ಊರಲ್ಲಿ ಏನಂತಾರೆ?’ ಎಂದರು. ಸರಿ, ಬಿಟ್ಟಿ ಹೊಲಿದೆ. ಆಕೆ ಅದನ್ನು ತೆಗೆದುಕೊಂಡು ಹೋಗಲು ಬಂದಾಗ ಅಮ್ಮ ಇನ್ನೊಂದು ಕಣ ಕೊಟ್ಟರು.

ಆ ವರ್ಷ ಆಕೆಗೆ ರವಿಕೆಯ ಚಿಂತೆಯೇ ಇರಲಿಲ್ಲ.

ಬೋರ್ಡು

ರೇಟನ್ನು ಬಾಯಲ್ಲಿ ಹೇಳಲಾಗದಿದ್ದರೆ ಬರೆದು ಹಾಕಿದರಾಯಿತು ಎಂದುಕೊಂಡು ಒಂದು ಬೋರ್ಡು ಬರೆದೆ. ಕಾನ್ವೆಂಟಿನ ದುಂಡು ಅಕ್ಷರ, ಅಪ್ಪಟ ಇಂಗ್ಲಿಷು. ಅದರಲ್ಲೂ ಅಂಕಿ ಹಾಕಲು ನಾಚಿಕೆಯಾಗಿ, ಮಾಡರೇಟ್ ಚಾರ್ಜಸ್ ಎಂದಷ್ಟೇ ಬರೆದೆ.

ಮರುದಿನವೇ ಒಬ್ಬರು ಮುದುಕರು ಬಂದರು. ಹಳ್ಳಿಯವರು, ಕೈಯಲ್ಲಿ ಟೆಲಿಗ್ರಾಂ. ‘ಇಂಗ್ಲಿಷ್ ಓದೋ ಮನೆ ಇದೇ ಏನವ್ವಾ?’ ಎಂದರು. ಅಲ್ಲ ಎನ್ನಲು ಬಾಯಿ ಬರಲಿಲ್ಲ. ಓದಿ ಹೇಳಿದೆ. ಮಗಳಿಗೆ ಗಂಡು ಮಗು, ಇಬ್ಬರೂ ಕ್ಷೇಮ. ಮುದುಕರು ಅಲ್ಲೇ ಕಟ್ಟೆಯ ಮೇಲೆ ಕೂತು ಕಣ್ಣೊರೆಸಿಕೊಂಡು, ಟವೆಲಿನಲ್ಲಿ ಕಟ್ಟಿಕೊಂಡಿದ್ದ ಸೀಬೆಹಣ್ಣನ್ನೆಲ್ಲ ನನ್ನ ಮಿಷನ್ನಿನ ಮೇಲೆ ಸುರಿದು ಹೋದರು.

ಸುದ್ದಿ ಹಬ್ಬಿತು. ಸೂಜಿಗೆ ದಾರ ಪೋಣಿಸುವಷ್ಟರಲ್ಲಿ ಯಾರಾದರೊಬ್ಬರು ಟೆಲಿಗ್ರಾಂ ಹಿಡಿದು ನಿಂತಿರುತ್ತಿದ್ದರು. ಕೆಟ್ಟ ಸುದ್ದಿಯನ್ನು ಇದ್ದ ಹಾಗೆ ಹೇಳಲು ನನಗೆ ಮತ್ತಷ್ಟು ಸಂಕೋಚ. ‘ತುಂಬ ಸೀರಿಯಸ್’ ಎಂದಿದ್ದರೆ, ‘ಸ್ವಲ್ಪ ಹುಷಾರಿಲ್ವಂತೆ, ಇವತ್ತೇ ಹೊರಟುಬಿಡಿ’ ಎನ್ನುತ್ತಿದ್ದೆ. ಇದರಿಂದ ನನಗೆ ಕೈಗುಣವಿದೆ ಎಂದು ಹೆಸರು ಬಂತು. ಒಬ್ಬಾತ ಬಂದು, ‘ಪೋಸ್ಟಾಫೀಸಿನೋರು ಓದಿದ್ರು ಕಣಮ್ಮಾ, ಯಾಕೋ ಚೆನ್ನಾಗಿ ಬರ್ಲಿಲ್ಲ. ನೀನೊಂದ್ಸಲ ಓದು ನೋಡಾನ’ ಎಂದ.

ಸಂಜೆ ಅಪ್ಪ ಬಂದು ಮಿಷನ್ನಿನ ಸುತ್ತ ಇದ್ದ ಸೀಬೆ, ಸೌತೆ, ಅವರೆಕಾಯಿಯನ್ನು ನೋಡಿದರು. ‘ಹೊಲಿಗೆ ಅಂಗಡಿ ಅಂದಿದ್ದೆ. ಸಂತೆ ಅಂತ ಮೊದಲೇ ಹೇಳಿದ್ರೆ ಸುಂಕದ ಬಗ್ಗೆ ಯೋಚನೆ ಮಾಡ್ತಿದ್ದೆ’ ಎಂದರು.

ಬಳೆ ಖಾಲಾ ಹೇಳಿದ ಉಪಾಯ

ಬಳೆಗಳ ಮಲಾರ ಹೆಗಲಿಗೆ ಹೊತ್ತು ಬೀದಿ ಬೀದಿ ತಿರುಗಿ ಮಾರುವ, ಎಲ್ಲರೂ ಖಾಲಾ ಎಂದರೆ ಚಿಕ್ಕಮ್ಮ ಎಂದೇ ಕರೆಯುವ ಒಬ್ಬರಿದ್ದರು. ಬಿಸಿಲು ಏರಿದಾಗ ನಮ್ಮ ಕಟ್ಟೆಯ ಮೇಲೆ ಕೂತು ನೀರು ಕೇಳುತ್ತಿದ್ದರು. ನನ್ನ ಪಾಡು ನೋಡಿ ನೋಡಿ ಅವರಿಗೇ ಸಂಕಟವಾಯಿತು.

‘ಅರೆ ಬೇಟಿ, ದುಡ್ಡು ಬಾಯಲ್ಲೇ ಬರಲ್ಲ ಅಂದ್ರೆ ಕೈಯಲ್ಲಿ ಎಲ್ಲಿಂದ ಬರ್ತೈತೆ? ನಾನು ಏನು ಮಾಡ್ತೀನಿ ಗೊತ್ತಾ? ಮೊದ್ಲು ರೇಟು ಹೇಳೋದೇ ಇಲ್ಲ. ಎರಡೂ ಕೈಗೆ ತುಂಬ ಬಳೆ ತೊಡಿಸಿಬಿಡ್ತೀನಿ. ಆಮೇಲೆ ಹೇಳ್ತೀನಿ. ತೆಗೆಯೋಕೆ ಹೋದ್ರೆ ಒಡೀತೈತೆ. ಕೈಲಿರೋ ಬಳೆ ಒಡೆಯೋಕೆ ಯಾವ ಹೆಂಗಸು ಒಪ್ತಾಳೆ? ಕೊಟ್ಟೇ ಕೊಡ್ತಾಳೆ.’

ಇದು ನನಗೆ ಹೇಳಿ ಮಾಡಿಸಿದ ಉಪಾಯ ಎನ್ನಿಸಿತು. ರೇಟು ಹೇಳುವುದು ಎಷ್ಟು ತಡವಾದರೆ ನನಗೆ ಅಷ್ಟು ಸುಖ. ಮುಂದಿನ ಗಿರಾಕಿಗೆ, ‘ಒಳಗೆ ಹೋಗಿ ಹಾಕ್ಕೊಂಡು ನೋಡಿ, ಆಮೇಲೆ ಮಾತಾಡೋಣ’ ಎಂದೆ. ಆಕೆ ಹಾಕಿಕೊಂಡು ಬಂದಳು. ಕನ್ನಡಿಯ ಮುಂದೆ ಆ ಕಡೆ ಈ ಕಡೆ ತಿರುಗಿದಳು. ‘ಎಷ್ಟು ಚೆನ್ನಾಗಿ ಕೂತಿದೆ, ನಮ್ಮನೆಯವರಿಗೆ ತೋರಿಸ್ಬಿಟ್ಟು ಬರ್ತೀನಿ’ ಎಂದು ಹೊರಟೇಹೋದಳು. ನಾನು ಬಾಗಿಲವರೆಗೆ ಹೋಗಿ ನಕ್ಕು ಕಳಿಸಿಕೊಟ್ಟೆ. ಕಂಕುಳಲ್ಲಿ ಹರಿದಿದ್ದ ಹಳೆಯ ರವಿಕೆ ನನ್ನ ಸ್ಟೂಲಿನ ಮೇಲಿತ್ತು. ಅವಳ ಮನೆಯವರಿಗೆ ಹೊಸ ರವಿಕೆಯನ್ನು ನೋಡಿ ಮುಗಿಯಲೇ ಇಲ್ಲವೇನೋ, ಆಕೆ ಮತ್ತೆ ಈ ಕಡೆ ಬರಲಿಲ್ಲ.

ಖಾಲಾಗೆ ಹೇಳಿದೆ. ಅವರು ಮಲಾರ ಇಳಿಸಿ ಹಣೆ ಚಚ್ಚಿಕೊಂಡರು. ‘ಅಯ್ಯೋ ಪಾಗಲ್, ಬಳೆ ಬಿಚ್ಚಿಸಿದ್ರೆ ಬಳೆ ಒಡೀತೈತೆ. ನಡುಬೀದೀಲಿ ರವಿಕೆ ಬಿಚ್ಚಿಸೋಕಾಗ್ತೈತಾ? ಯಾವ ಮಾಲಿಗೆ ಯಾವ ಉಪಾಯ ಅಂತ ಕಾನ್ವೆಂಟಲ್ಲಿ ಹೇಳ್ಕೊಡ್ಲಿಲ್ವಾ?’

ದುಬಾರಿ ದರ

ಖಾಲಾ ಸೋಲುವವರಲ್ಲ. ಎರಡನೆಯ ಪಾಠ ಹೇಳಿದರು. ‘ಒಂದೂವರೆ ಬೇಕು ಅಂದ್ರೆ ಮೂರು ಕೇಳು. ಅವರು ಬೈತಾರೆ, ನೀನು ಇಳೀತೀಯಾ. ಬೈಯೋಕೆ ಅವರು, ಇಳಿಯೋಕೆ ನೀನು. ನಿನಗೆ ಮಾತೇ ಬೇಕಾಗಿಲ್ಲ.’

ಆಗ ಬಂದವರು ಹುಡುಗಿಯರ ಸ್ಕೂಲಿನ ಹೆಡ್‌ಮಿಸ್ಟ್ರೆಸ್ಸು. ಬೆಂಗಳೂರಿಗೆ ಯಾವುದೋ ಮೀಟಿಂಗಿಗೆ ಹೊರಟಿದ್ದರು, ದಾರಿಯಲ್ಲಿ ರವಿಕೆ ತೆಗೆದುಕೊಂಡು ಹೋಗಲು ಬಂದರು. ‘ಎಷ್ಟಮ್ಮಾ?’ ಎಂದರು. ನಾನು ತಲೆ ತಗ್ಗಿಸಿ, ಕಣ್ಣು ಮುಚ್ಚಿ, ‘ಮೂರು’ ಎಂದೆ. ಬೈಗುಳಕ್ಕೆ ಕಾದೆ. ಅವರು ಪರ್ಸು ತೆರೆದು ಮೂರು ರೂಪಾಯಿ ಇಟ್ಟು, ಥ್ಯಾಂಕ್ಸ್ ಹೇಳಿ ಹೋಗಿಯೇಬಿಟ್ಟರು.

ಚೌಕಾಸಿ ಮಾಡದೆ ಕೊಡುವವರೂ ಇರುತ್ತಾರೆ ಎಂದು ಖಾಲಾ ಹೇಳಿರಲಿಲ್ಲ. ಟೀಚರಿಗೆ ಮೋಸ ಮಾಡಿದೆ, ಅದೂ ಹೆಡ್‌ಮಿಸ್ಟ್ರೆಸ್ಸಿಗೆ. ಒಂದೂವರೆ ರೂಪಾಯಿ ಮುಷ್ಟಿಯಲ್ಲಿ ಹಿಡಿದು, ಕತ್ತಿನಲ್ಲಿ ಅಳತೆ ಟೇಪು ಜೋತಾಡಿಸಿಕೊಂಡೇ ಬಸ್ ಸ್ಟ್ಯಾಂಡಿಗೆ ಓಡಿದೆ. ಅವರು ಕಿಟಕಿಯ ಪಕ್ಕ ಕೂತಿದ್ದರು. ಬಸ್ಸು ಗುರುಗುಟ್ಟುತ್ತಿತ್ತು. ನಾನು ಕಿಟಕಿಗೆ ಕೈ ಚಾಚಿ ನಿಂತೆ, ಬಾಯಿಂದ ಒಂದಕ್ಷರ ಹೊರಡಲಿಲ್ಲ.

ಅವರು ನನ್ನ ಮುಷ್ಟಿ ನೋಡಿದರು, ಮುಖ ನೋಡಿದರು. ‘ಕಡಿಮೆಯಾಯ್ತಾ? ಅಲ್ಲೇ ಹೇಳ್ಬಾರ್ದಿತ್ತೇನಮ್ಮಾ? ಪಾಪ, ಓಡ್ಕೊಂಡು ಬಂದಿದ್ದೀಯಲ್ಲ’ ಎಂದು ನನ್ನ ಮುಷ್ಟಿಯ ಮೇಲೆ ಇನ್ನೊಂದು ರೂಪಾಯಿ ಇಟ್ಟರು. ಬಸ್ಸು ಹೊರಟಿತು.

ನನ್ನ ವ್ಯಾಪಾರದಲ್ಲಿ ಅಲ್ಲಿಯವರೆಗೆ ಬಂದ ಅತಿ ದೊಡ್ಡ ಲಾಭ ಅದು. ಬಂದದ್ದು ವಾಪಸು ಕೊಡಲು ಹೋಗಿ.

ಕೊನೆಯ ಕಣ

ದೀಪಾವಳಿ ಹತ್ತಿರ ಬಂತು. ನನ್ನ ಡಬ್ಬಿಯಲ್ಲಿ ಅರ್ಧ ತಿಂಗಳ ಬಾಡಿಗೆಯೂ ಇರಲಿಲ್ಲ. ಅಮ್ಮನ ಟ್ರಂಕೂ ಖಾಲಿಯಾಗುತ್ತ ಬಂದು, ಒಂದು ಗಿಣಿಹಸಿರು ಕಣ ಮಾತ್ರ ಉಳಿದಿತ್ತು. ಒಂದು ಭಾನುವಾರ ಅಪ್ಪ ಸೈಕಲ್ ಶಾಪಿನವರನ್ನು ಕರೆದುಕೊಂಡೇ ಬಂದರು. ಜೊತೆಗೆ ಅವರ ಹೆಂಡತಿ.

ಆತ ಕೋಣೆಯ ನಡುವೆ ನಿಂತು, ‘ಇಲ್ಲಿ ಪಂಪು, ಅಲ್ಲಿ ಟೈರು, ಈ ಮಿಷನ್ ಇರೋ ಕಡೆ ಪಂಚರ್ ತೊಟ್ಟಿ’ ಎಂದು ಗೋಡೆಗಳಿಗೆ ಕೈ ತೋರಿಸತೊಡಗಿದರು. ನಾನು ಮಿಷನ್ನಿನ ಹಿಂದೆ ಆದಷ್ಟು ಚಿಕ್ಕದಾಗಿ ಕೂತೆ. ಪಂಚರ್ ತೊಟ್ಟಿಯೊಳಗೆ ಆಗಲೇ ಕೂತ ಹಾಗಿತ್ತು.

ಅಮ್ಮನಿಗೆ ಇದೊಂದೂ ಕಾಣಲಿಲ್ಲ. ಹೊಸಿಲು ದಾಟಿ ಒಬ್ಬ ಹೆಂಗಸು ಬಂದಿದ್ದಷ್ಟೇ ಕಂಡಿತು. ಕುಂಕುಮ ಇಟ್ಟರು, ತಾಂಬೂಲದ ಮೇಲೆ ಆ ಗಿಣಿಹಸಿರು ಕಣ ಇಟ್ಟು ಕೊಟ್ಟರು. ನನ್ನನ್ನು ಎಬ್ಬಿಸಲು ಬಂದವರಿಗೇ.

ಆಕೆ ಕಣವನ್ನು ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ನನ್ನನ್ನು ನೋಡಿದರು. ‘ನೀನೇ ಅಳತೆ ತಗೋತೀಯಾ? ಮೈಮೇಲೆ ಟೇಪಿಟ್ಟು?’ ಎಂದು ಪಿಸುಗುಟ್ಟಿದರು. ತಲೆಯಾಡಿಸಿದೆ.

‘ನೋಡಮ್ಮಾ, ಗಂಡಸು ಟೈಲರಿಗೆ ಅಳತೆಗೆ ಅಂತ ಹಳೇ ರವಿಕೆ ಕಳಿಸ್ತೀವಿ. ನನ್ನ ಅಳತೆ ರವಿಕೆ ಮದ್ವೇಲಿ ಹೊಲಿಸಿದ್ದು. ಮೂರು ಮಕ್ಕಳಾದ್ವು. ಇವತ್ತಿಗೂ ಅದೇ ಅಳತೇಲಿ ಹೊಲ್ದುಕೊಡ್ತಾನೆ. ಮದ್ವೆಯಾದಾಗಿಂದ ನಾನು ಪೂರ್ತಿ ಉಸಿರು ತಗೊಂಡಿಲ್ಲ.’

ಒಳಗೆ ಕರೆದುಕೊಂಡು ಹೋಗಿ ಅಳತೆ ತೆಗೆದುಕೊಂಡೆ. ಹೊರಗೆ ಬಂದಾಗ ಆಕೆ, ಅಮ್ಮನಿಂದ ಕಣ ಪಡೆದವರೆಲ್ಲ ಹೇಳುವ ಮಾತನ್ನೇ ಹೇಳಿದರು. ‘ನಿಮ್ಮನೇದೇ ಕಣ. ಇದಕ್ಕೂ ಹೊಲಿಗೆ ಕೂಲಿ ಕೊಡ್ಬೇಕಾ?’

ಅಪ್ಪ ನನ್ನನ್ನು ನೋಡಿದರು. ಸೈಕಲ್ ಶಾಪಿನವರು ಗೋಡೆಗೆ ಕೈ ತೋರಿಸುವುದನ್ನು ನಿಲ್ಲಿಸಿದರು. ಬಾಗಿಲ ಸಂದಿಯಿಂದ ಅಮ್ಮ, ಬೇಡ ಬೇಡ ಎಂದು ಕೈಯಾಡಿಸುತ್ತಿದ್ದರು. ಮಿಷನ್ನಿನ ಜಾಗದಲ್ಲಿ ಪಂಚರ್ ತೊಟ್ಟಿ ನನ್ನ ಕಣ್ಣಿಗೆ ಕಟ್ಟಿತು.

‘ಕಣ ಅಮ್ಮಂದು’ ಎಂದೆ. ‘ಹೊಲಿಗೆ ನಂದು. ಒಂದೂವರೆ ರೂಪಾಯಿ.’

ನನ್ನ ದನಿ ಅಷ್ಟು ದಪ್ಪವಿದೆ ಎಂದು ನನಗೇ ಗೊತ್ತಿರಲಿಲ್ಲ. ಆಕೆ ಗಂಡನ ಕಡೆ ತಿರುಗಿದರು. ‘ಒಂದೂವರೆ ಕೊಡಿ. ಆಮೇಲೆ ಈ ಕೋಣೆ ನಮಗೆ ಬೇಡ. ಇಲ್ಲಿ ನೀವು ಪಂಚರ್ ಹಾಕ್ತಾ ಕೂತ್ರೆ ನನಗೆ ರವಿಕೆ ಯಾರು ಹೊಲೀತಾರೆ?’

ಆತ ಗೋಡೆಗಳನ್ನು ಇನ್ನೊಮ್ಮೆ ನೋಡಿದರು. ‘ನಮ್ಮ ಪಂಪಿಗೆ ಇದು ಸ್ವಲ್ಪ ಇಕ್ಕಟ್ಟೇ ಆಯ್ತು ಸಾರ್’ ಎಂದು ಅಪ್ಪನಿಗೆ ಹೇಳಿ, ದುಡ್ಡು ತೆಗೆದರು.

ಆಕೆಯ ಹಿಂದೆ ಆಕೆಯ ಅಕ್ಕ ಬಂದರು, ನಾದಿನಿ ಬಂದರು, ಉಸಿರು ಬಿಗಿಹಿಡಿದ ಬೀದಿಗೆ ಬೀದಿಯೇ ಬಂತು. ದೀಪಾವಳಿಗೆ ಅಪ್ಪನ ಕೈಗೆ ಹದಿನೈದು ರೂಪಾಯಿ ಕೊಟ್ಟೆ. ಅವರು ನೋಟುಗಳನ್ನು ತಿರುವಿ ತಿರುವಿ ನೋಡಿ ಜೇಬಿಗೆ ಹಾಕಿಕೊಂಡರು, ರಸೀದಿ ಬರೆದುಕೊಟ್ಟರು. ಅಮ್ಮ ಈಗ ಕಂಡವರಿಗೆಲ್ಲ ನಮ್ಮ ಅಂಗಡಿ, ನಮ್ಮ ಅಂಗಡಿ ಎನ್ನುತ್ತಾರೆ. ‘ಆವತ್ತು ನಾನು ಕಣ ಕೊಡ್ದೆ ಇದ್ದಿದ್ರೆ ನೀನು ಏನು ಹೊಲೀತಿದ್ದೆ?’ ಎಂದು ನನ್ನನ್ನೇ ಕೇಳುತ್ತಾರೆ. ಹೊಸ ಕಣಗಳಿಗಾಗಿ ನನ್ನ ಡಬ್ಬಿಗೇ ಕೈ ಹಾಕುತ್ತಾರೆ.

ಹೋದ ವಾರ ಅಪ್ಪ ಕಚೇರಿಯಿಂದ ಬಂದು, ನೇರ ಒಳಗೆ ಹೋಗದೆ, ಚಪ್ಪಲಿ ಬಿಟ್ಟು, ಗಿರಾಕಿಗಳು ನಿಲ್ಲುವ ಕಡೆ ಬಂದು ನಿಂತರು. ಕೈಯಲ್ಲಿ, ಬೆಳಗ್ಗೆ ಚೀಲದಲ್ಲಿ ಹಾಕಿಕೊಂಡು ಹೋಗಿದ್ದ ಅವರ ಬಿಳಿ ಶರ್ಟು.

‘ಎರಡು ಗುಂಡಿ ಹೋಗಿವೆ. ಕಾಲರ್ ತಿರುಗಿಸಿ ಹಾಕ್ಬೇಕು’ ಎಂದರು. ಶರ್ಟನ್ನು ಮಿಷನ್ನಿನ ಮೇಲೆ ಇಟ್ಟರು. ‘ಅಲ್ಲಮ್ಮಾ, ನಾನು ಈಗ ಮನೆಗೆ ಬಂದವನೋ, ಅಂಗಡಿಗೆ ಬಂದವನೋ? ಅದೊಂದು ಹೇಳ್ಬಿಡು.’

ನಾನು ಶರ್ಟು ತೆಗೆದುಕೊಂಡು ಗೋಡೆಯ ಮೊಳೆಗೆ ನೇತುಹಾಕಿದೆ. ಮನೆ ಎನ್ನಲೋ, ಅಂಗಡಿ ಎನ್ನಲೋ ತೀರ್ಮಾನವಾಗದೆ ಅದು ಇನ್ನೂ ಅಲ್ಲೇ ನೇತಾಡುತ್ತಿದೆ.